ಬಡತನದ ಗೆರೆಯೂ ಎರಡೂವರೆ ಕ್ವಿಂಟಲ್ ಅಡಿಕೆಯೂ



ಸಂಘದ ಕಚೇರಿಗೆ ಸದಸ್ಯರು ಬರುವುದು ಸಾಮಾನ್ಯವಾಗಿ ಸಾಲಕ್ಕೆ, ಗೊಬ್ಬರಕ್ಕೆ, ಇಲ್ಲವೇ ಅಡಿಕೆಯ ಧಾರಣೆ ವಿಚಾರಿಸುವುದಕ್ಕೆ. ಈಚೆಗೆ ಇನ್ನೊಂದು ಕಾರಣಕ್ಕೂ ಬರತೊಡಗಿದ್ದಾರೆ. "ಅಣ್ಣಯ್ಯ, ನನ್ನ ಆದಾಯ ಇಷ್ಟೇ ಅಂತ ಸಂಘದಿಂದ ಒಂದು ಕಾಗದ ಬರ್ಕೊಡಿ" ಎಂದು ಕೇಳುವವರು ತಿಂಗಳಿಗೆ ನಾಲ್ಕಾರು ಮಂದಿಯಾದರೂ ಇರುತ್ತಾರೆ. ಹಿಂದಿನ ಕಾಲದಲ್ಲಿ ನಮ್ಮವರು ಹೆಣ್ಣು ನೋಡಲು ಹೋದಾಗ ಇಲ್ಲದ ತೋಟವನ್ನೂ ಸೇರಿಸಿ ಹೇಳುತ್ತಿದ್ದರು. ಈಗ ಇರುವ ತೋಟವನ್ನು ಅಡಗಿಸಲು ಕಾಗದ ಕೇಳುವ ಕಾಲ ಬಂದಿದೆ. ಇದು ನಗುವ ಮಾತಲ್ಲ. ಕೇಳುವವರು ಅಕ್ಕಿಗಾಗಿ ಕೇಳುತ್ತಿಲ್ಲ. ಮನೆಯಲ್ಲಿ ಯಾರಿಗೋ ಎದೆನೋವು, ಯಾರಿಗೋ ಮೂತ್ರಪಿಂಡದ ತೊಂದರೆ, ಯಾರಿಗೋ ಗರ್ಭಕೋಶದ ಗಡ್ಡೆ. ಆಸ್ಪತ್ರೆಯವರು ಮೊದಲು ಕೇಳುವುದು, "ಬಿಪಿಎಲ್ ಕಾರ್ಡ್ ಇದೆಯೇ?" ಎಂದು.

ಆದ್ದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಸಣ್ಣ ಬೆಳೆಗಾರನ ದೃಷ್ಟಿಯಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಗತ್ಯವೆಂದು ತೋರುತ್ತದೆ. ನಮ್ಮ ಕಾಫಿ ಸದಸ್ಯರಿಗೂ ಇದು ಸಂಬಂಧಪಟ್ಟದ್ದೇ. ಅವರ ಮಾತನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ ಈಗಿನ ಕ್ರಮ ಏನೆಂಬುದನ್ನು ತಿಳಿಯೋಣ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ 'ಆರೋಗ್ಯ ಕರ್ನಾಟಕ' ಎಂಬ ಯೋಜನೆಯನ್ನು ತಂದಿತು. ಅದೇ ವರ್ಷದ ಕೊನೆಯಲ್ಲಿ ಅದನ್ನು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಜೋಡಿಸಲಾಯಿತು. ಇದರಲ್ಲಿ ರೋಗಿಗಳನ್ನು ಎರಡು ಪಂಗಡ ಮಾಡಿದ್ದಾರೆ. ಆಹಾರ ಭದ್ರತಾ ಕಾಯಿದೆಯಂತೆ ಅಂತ್ಯೋದಯ ಅಥವಾ ಆದ್ಯತಾ ಕುಟುಂಬದ ಪಡಿತರ ಚೀಟಿ ಉಳ್ಳವರು, ಎಂದರೆ ನಾವು ಬಿಪಿಎಲ್ ಎನ್ನುವವರು, 'ಅರ್ಹ' ರೋಗಿಗಳು. ಇವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಉಳಿದವರೆಲ್ಲ 'ಸಾಮಾನ್ಯ' ರೋಗಿಗಳು. ಇವರಿಗೆ ನಿಗದಿಯಾದ ಚಿಕಿತ್ಸಾ ದರದಲ್ಲಿ ಶೇಕಡಾ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ.

ಹೀಗಾಗಿ ಪಡಿತರ ಚೀಟಿ ಎಂಬುದು ಹೆಸರಿಗೆ ಮಾತ್ರ ಪಡಿತರದ್ದು. ಕೆಲಸದಲ್ಲಿ ಅದು ಆಸ್ಪತ್ರೆಯ ಬಾಗಿಲ ಬೀಗದ ಕೈ. ಇದು ಸರ್ಕಾರಕ್ಕೂ ತಿಳಿಯದ ಸಂಗತಿಯಲ್ಲ.

ಇನ್ನು ಆ ಚೀಟಿ ಯಾರಿಗೆ ಸಲ್ಲುತ್ತದೆ ಎಂಬುದು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು, ಸ್ವಂತ ಬಳಕೆಗೆ ಕಾರು ಇಟ್ಟವರು, 3 ಹೆಕ್ಟೇರ್ ಎಂದರೆ ಸುಮಾರು ಏಳೂವರೆ ಎಕರೆ ಖುಷ್ಕಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಿದವರು, ವರ್ಷದ ಆದಾಯ 1 ಲಕ್ಷ 20 ಸಾವಿರ ರೂಪಾಯಿ ಮೀರಿದವರು, ಇವರಿಗೆ ಇಲ್ಲ. ಟ್ರ್ಯಾಕ್ಟರು, ಬಾಡಿಗೆಗೆ ಓಡಿಸಿ ಜೀವನ ಮಾಡುವ ಒಂದು ವಾಹನ, ಇವಕ್ಕೆ ವಿನಾಯಿತಿ ಇದೆ. ಓದುವಾಗ ನಿಯಮಗಳು ನ್ಯಾಯವಾಗಿಯೇ ಕಾಣುತ್ತವೆ. ಅವುಗಳನ್ನು ಒಂದೊಂದಾಗಿ ನಮ್ಮ ತೋಟಕ್ಕೆ ತಂದು ನಿಲ್ಲಿಸಿದಾಗ ಮಾತ್ರ ಕಷ್ಟ ಹೊರಬೀಳುತ್ತದೆ.

ಆದಾಯವನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 1.20 ಲಕ್ಷ ಎಂದರೆ ತಿಂಗಳಿಗೆ 10 ಸಾವಿರ, ದಿನಕ್ಕೆ ಇಡೀ ಕುಟುಂಬಕ್ಕೆ 330 ರೂಪಾಯಿ ಚಿಲ್ಲರೆ. ರಾಶಿ ಅಡಿಕೆಗೆ ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ಧಾರಣೆ ಹಿಡಿದರೆ ಈ ಮೊತ್ತ ಎರಡೂವರೆ ಕ್ವಿಂಟಲಿಗೂ ಕಡಿಮೆ. ಎಂದರೆ ಮಂಡಿಗೆ ಅಥವಾ ಸಂಘಕ್ಕೆ ಮೂರು ಕ್ವಿಂಟಲ್ ಹಾಕಿದವನು ಕಾಗದದ ಮೇಲೆ ಬಡವನಲ್ಲ! ಅವನು ಆ ಮೂರು ಕ್ವಿಂಟಲ್ ತೆಗೆಯಲು ಬೋರಿಗೆ ಎಷ್ಟು ಸುರಿದ, ಗೊನೆ ಇಳಿಸುವವನಿಗೆ, ಸುಲಿಯುವವರಿಗೆ, ಬೇಯಿಸುವುದಕ್ಕೆ ಎಷ್ಟು ಕೊಟ್ಟ, ಹೋದ ಬೇಸಗೆಯಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ತೆತ್ತ ಎಂಬುದು ಮಾರಾಟದ ಪಟ್ಟಿಯಲ್ಲಿ ಬರುವುದಿಲ್ಲ. ನಮ್ಮ ಪಟ್ಟಿಯಲ್ಲಿ ಇರುವುದು ಬಂದ ಹಣ ಮಾತ್ರ. ಸಂಘಕ್ಕೇ ಅಡಿಕೆ ಹಾಕಿ, ಬಿಳಿ ಚೀಟಿ ಪಡೆದು, ಬ್ಯಾಂಕಿನ ಮೂಲಕ ಹಣ ತೆಗೆದುಕೊಂಡ ಪ್ರಾಮಾಣಿಕ ಸದಸ್ಯ ಹೊರಗೆ ನಿಲ್ಲುತ್ತಾನೆ; ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಚೀಲ ಕೊಟ್ಟು ನಗದು ಎಣಿಸಿಕೊಂಡವನು ಒಳಗೆ ಉಳಿಯುತ್ತಾನೆ. ಸಹಕಾರ ಸಂಘಕ್ಕೆ ಇದಕ್ಕಿಂತ ಕೇಡಿನ ಸಂಗತಿ ಬೇರೊಂದಿಲ್ಲ.

ಜಮೀನಿನ ನಿಯಮವೂ ಹೀಗೆಯೇ. ಪಹಣಿಯಲ್ಲಿ ಒಮ್ಮೆ ಬಾಗಾಯ್ತು ಎಂದು ಬರೆದರೆ ಬೋರು ಬತ್ತಿದರೂ ಅದು ಬಾಗಾಯ್ತೇ. ಶಿರಾ, ಮಧುಗಿರಿ ಕಡೆಯಲ್ಲಿ ಸಾವಿರ ಅಡಿ ಕೊರೆದು ಬರೀ ಕಲ್ಲುಪುಡಿ ಕಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಸುಳಿ ಬಾಗಿದ ಮರಗಳು ತೋಟದಲ್ಲಿ ನಿಂತಿವೆ, ನೆರಳೂ ಇಲ್ಲ, ಫಸಲೂ ಇಲ್ಲ. ಆದರೆ ದಾಖಲೆಯ ಪ್ರಕಾರ ಅವನು ನೀರಾವರಿ ರೈತ. ಜಯಮಂಗಲಿ, ಸುವರ್ಣಮುಖಿ ನದಿಗಳ ಹೆಸರು ನಕ್ಷೆಯಲ್ಲಿದೆ. ವರ್ಷದಲ್ಲಿ ಎಷ್ಟು ದಿನ ನೀರು ಹರಿಯುತ್ತದೆ ಎಂಬುದು ದಂಡೆಯಲ್ಲಿರುವವರಿಗೆ ಗೊತ್ತು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಪಾವಗಡ, ಶಿರಾ, ಮಧುಗಿರಿ ಮೂರನ್ನೂ 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಸಾಲಿಗೆ ಸೇರಿಸಿತು. ತಾಲ್ಲೂಕು ಹಿಂದುಳಿದದ್ದು, ಅದರೊಳಗಿನ ರೈತ ಮಾತ್ರ ಮುಂದುವರಿದವನು ಎಂಬುದು ಯಾವ ಲೆಕ್ಕವೋ ಕಾಣೆ.

ಪಾವಗಡದ್ದು ಇನ್ನೂ ವಿಚಿತ್ರ. ತಿರುಮಣಿ ಸುತ್ತಿನ ಐದು ಊರುಗಳಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಬಂದಿರುವುದು ಎಲ್ಲರಿಗೂ ತಿಳಿದಿದೆ. ಅಲ್ಲಿ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂಬುದು ಒಪ್ಪಂದ. ನೆಲಗಡಲೆ ಬಿತ್ತಿ ಆಕಾಶ ನೋಡುವುದಕ್ಕಿಂತ ಇದು ಮೇಲು ಎಂದು ಒಪ್ಪಿದವರೇ ಹೆಚ್ಚು, ತಪ್ಪೆಂದು ಹೇಳಲಾರೆ. ಆದರೆ ಲೆಕ್ಕ ಹಾಕಿ ನೋಡಿ. ಐದು ಎಕರೆ ಕೊಟ್ಟವನಿಗೆ ಮೊದಲ ವರ್ಷ 1 ಲಕ್ಷ 5 ಸಾವಿರ. ಮೂರನೆಯ ಏರಿಕೆ ಬಂದಾಗ ಎಕರೆಗೆ 24,310 ಆಗಿ, ಐದು ಎಕರೆಗೆ 1 ಲಕ್ಷ 21 ಸಾವಿರ ದಾಟುತ್ತದೆ. ಆ ವರ್ಷದಿಂದ ಆ ಮನೆ ಗೆರೆಯ ಮೇಲಕ್ಕೆ! ಉಳಲು ನೆಲವಿಲ್ಲ, ಬೇರೆ ಕಸುಬಿಲ್ಲ, ವಯಸ್ಸಾದ ತಂದೆ ತಾಯಿ ಮನೆಯಲ್ಲಿದ್ದಾರೆ, ದೊಡ್ಡ ಕಾಯಿಲೆ ಬಂದರೆ ನೂರು ಕಿಲೋಮೀಟರಿನಷ್ಟು ದೂರದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕು. ಒಂದೂವರೆ ಸಾವಿರ ರೂಪಾಯಿ ಹೆಚ್ಚಿಗೆ ಬಂದದ್ದಕ್ಕೆ 5 ಲಕ್ಷದ ರಕ್ಷಣೆ ಕೈಬಿಟ್ಟು ಹೋಗುವ ನಿಯಮವನ್ನು ಯಾವ ಬಡ್ಡಿ ವ್ಯಾಪಾರಿಯೂ ಮಾಡಲಾರ.

ಇನ್ನು ಮೂರನೆಯ ಗಂಡಾಂತರ ಆದಾಯ ತೆರಿಗೆಯದ್ದು. ಇದನ್ನು ನನ್ನ ಮನೆಯ ಅನುಭವದಿಂದಲೇ ಹೇಳಬಲ್ಲೆ.

2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಚೀಟಿಗಳನ್ನು ಪರಿಶೀಲಿಸಿ ಬಹಳಷ್ಟನ್ನು ಎಪಿಎಲ್‌ಗೆ ಬದಲಾಯಿಸಿದ್ದು, ಗಲಾಟೆಯಾದ್ದು ತಮಗೆ ನೆನಪಿರಬಹುದು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಹಿಂದಿನಂತೆ ಕೊಡಬೇಕೆಂದು ಮುಖ್ಯಮಂತ್ರಿಗಳು ಆಗ ಸೂಚಿಸಿದರು. ನನ್ನ ತಮ್ಮನ ಚೀಟಿಯೂ ಬದಲಾಗಿತ್ತು. ಅವನಿಗಿರುವುದು ಎರಡು ಎಕರೆ ತೋಟ, ಮೂರು ಎಕರೆ ಖುಷ್ಕಿ. ತೆರಿಗೆ ಎಂದು ಒಂದು ಕಾಸೂ ಕಟ್ಟಿದವನಲ್ಲ. ಆದರೆ ಟ್ರ್ಯಾಕ್ಟರ್ ಸಾಲಕ್ಕೆ ಮೂರು ವರ್ಷದ ರಿಟರ್ನ್ ಬೇಕೆಂದು ಕೇಳಿದ್ದರಿಂದ ಯಾರೋ ಲೆಕ್ಕಪತ್ರದವರಿಂದ ರಿಟರ್ನ್ ಹಾಕಿಸಿದ್ದ. ಕಟ್ಟಬೇಕಾದ ತೆರಿಗೆ ಸೊನ್ನೆ. ರಿಟರ್ನ್ ಹಾಕಿದವನು ಬೇರೆ, ತೆರಿಗೆ ಕಟ್ಟಿದವನು ಬೇರೆ ಎಂಬ ವಿವೇಚನೆ ಕಂಪ್ಯೂಟರಿಗೆ ಎಲ್ಲಿಂದ ಬರಬೇಕು?

ಚೀಟಿ ಬದಲಾದದ್ದು ನಮಗೆ ಗೊತ್ತಾದದ್ದು ಡಿಸೆಂಬರಿನಲ್ಲಿ, ಅವನಿಗೆ ಎದೆನೋವು ಬಂದು ಬೆಂಗಳೂರಿನ ಒಂದು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ. "ಈ ಕಾರ್ಡಿಗೆ ಯೋಜನೆ ಬರುವುದಿಲ್ಲ" ಎಂದರು. ನಾವು ನಂಬಿದೆವು. ಸ್ಟೆಂಟ್ ಹಾಕಿಸಿ ಮನೆಗೆ ಕರೆತರುವಷ್ಟರಲ್ಲಿ ಎರಡು ಲಕ್ಷದ ಮೇಲಾಯಿತು. ಆ ಹಣಕ್ಕಾಗಿ ಮುಂದಿನ ವರ್ಷದ ಫಸಲನ್ನು, ಹಿಂಗಾರ ಒಡೆಯುವ ಮೊದಲೇ, ಚೇಣಿಗೆ ಬರೆದುಕೊಟ್ಟ. ಮುಂಗಡ ಕೊಡುವವನು ಎಷ್ಟಕ್ಕೆ ಕೇಳುತ್ತಾನೆಂಬುದು ನಿಮಗೆ ನಾನು ಹೇಳಬೇಕಾಗಿಲ್ಲವಷ್ಟೆ. ಎರಡು ತಿಂಗಳ ಮೇಲೆ, ತೆರಿಗೆ ಸೊನ್ನೆ ಎಂಬ ಕಾಗದ ತೋರಿಸಿ ಅಲೆದಾಡಿದ ಬಳಿಕ, ಚೀಟಿ ಹಿಂದಿನಂತಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇದರಲ್ಲಿ ಬೇರೆಯವರ ತಪ್ಪನ್ನಷ್ಟೇ ಹೇಳಿ ನುಣುಚಿಕೊಳ್ಳಲಾರೆ. ಎಪಿಎಲ್ ಚೀಟಿಗೂ ಶೇಕಡಾ 30 ಸಿಗುತ್ತದೆಂಬುದು ಆಗ ನನಗೆ ತಿಳಿದಿರಲಿಲ್ಲ. ಯೋಜನೆಯಲ್ಲಿರುವ ಸುಮಾರು 1,650 ಚಿಕಿತ್ಸೆಗಳಲ್ಲಿ 171 ತುರ್ತು ಚಿಕಿತ್ಸೆಗಳಿಗೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು, ಉಳಿದ ದೊಡ್ಡ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರಿಂದ ಶಿಫಾರಸು ಪತ್ರ ಪಡೆಯಬೇಕು ಎಂಬ ಕ್ರಮವೂ ತಿಳಿದಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಕೂಡ ನಾವು ಕೇಳಲಿಲ್ಲ. ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ: ನಾನು ಸಂಘದ ನಿರ್ದೇಶಕನಾಗಿದ್ದವನು, ನನ್ನ ತಮ್ಮ ಸಂಘದ ಸದಸ್ಯ, ಆದರೂ ಅವನ ಹೆಸರು ಯಶಸ್ವಿನಿಯಲ್ಲಿ ಇರಲಿಲ್ಲ. ವರ್ಷಕ್ಕೆ 500 ರೂಪಾಯಿಯ ಮಾತು! ನೋಂದಣಿಯ ಸುತ್ತೋಲೆ ಕಚೇರಿಯ ಗೋಡೆಯ ಮೇಲಿತ್ತು. ಅದರ ಕೆಳಗಿನ ಬೆಂಚಿನ ಮೇಲೆ ಕುಳಿತು ನಾನು ಕಾಫಿ ಕುಡಿದಿದ್ದೆ.

ಯಶಸ್ವಿನಿಯ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ನನ್ನ ಅಭಿಪ್ರಾಯದ ತಿರುಳು ಅಲ್ಲಿಯೇ ಇದೆ. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಹುಟ್ಟಿ, 2003ರ ಜೂನ್‌ನಲ್ಲಿ ಇದು ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ಕಟ್ಟುವುದು, ಸರ್ಕಾರ ತನ್ನ ಪಾಲು ಸೇರಿಸುವುದು, ಶಸ್ತ್ರಚಿಕಿತ್ಸೆಯ ಖರ್ಚನ್ನು ಟ್ರಸ್ಟ್ ಭರಿಸುವುದು. ಮೊದಲ ವರ್ಷವೇ 16 ಲಕ್ಷದಷ್ಟು ಜನ ಸೇರಿದರು. ಅಲ್ಲಿ ಯಾರೂ "ನೀನು ಬಡವನೇ?" ಎಂದು ಕೇಳಲಿಲ್ಲ. ಕೇಳಿದ್ದು, "ನೀನು ಯಾವ ಸಂಘದ ಸದಸ್ಯ?" ಎಂದು. ಈ ಎರಡು ಪ್ರಶ್ನೆಗಳ ನಡುವೆ ಅಜಗಜಾಂತರವಿದೆ. ಮೊದಲನೆಯದಕ್ಕೆ ತಲೆ ತಗ್ಗಿಸಿ ಉತ್ತರ ಕೊಡಬೇಕು. ಎರಡನೆಯದಕ್ಕೆ ಷೇರು ಪುಸ್ತಕ ತೋರಿಸಿದರೆ ಸಾಕು.

2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಯಶಸ್ವಿನಿಯನ್ನು ಅದರಲ್ಲಿ ವಿಲೀನ ಮಾಡಿ ನಿಲ್ಲಿಸಿದರು. ಎಪಿಎಲ್ ಚೀಟಿಯ ಸಣ್ಣ ರೈತನಿಗೆ ಆದ ನಷ್ಟ ಇದೇ. ಅವನ ಸ್ವಂತ ಬಾಗಿಲು ಮುಚ್ಚಿ, ಶೇಕಡಾ 30ರ ಕಿಂಡಿಯನ್ನು ತೆರೆದರು. ಸಹಕಾರಿಗಳು ಬಿಡದೆ ಒತ್ತಾಯ ಮಾಡಿದ್ದರಿಂದ 2022–23ರ ಆಯವ್ಯಯದಲ್ಲಿ ಮತ್ತೆ ಘೋಷಣೆಯಾಗಿ, 2023ರ ಜನವರಿಯಿಂದ ಮರಳಿ ಶುರುವಾಯಿತು. ಆಗ ಗೊತ್ತುಮಾಡಿದಂತೆ ಗ್ರಾಮಾಂತರದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿಯೊಬ್ಬರಿಗೆ 100. ಪಟ್ಟಣದ ಸಂಘಗಳವರಿಗೆ 1,000 ಮತ್ತು 200. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ಪಾಲನ್ನು ಸರ್ಕಾರವೇ ಕಟ್ಟುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಸರ್ಕಾರಿ ನೌಕರರಿಗೂ, ಖಾಸಗಿಯಲ್ಲಿ ತಿಂಗಳಿಗೆ 30 ಸಾವಿರಕ್ಕಿಂತ ಹೆಚ್ಚು ಸಂಬಳದವರಿಗೂ ಇಲ್ಲ. ಎಕರೆ, ಕ್ವಿಂಟಲ್, ಟ್ರ್ಯಾಕ್ಟರ್ ಸಾಲದ ರಿಟರ್ನ್ ಇವುಗಳ ಗೊಡವೆ ಇಲ್ಲ. ಇದಕ್ಕೂ ಮಿತಿಗಳಿವೆ. ಹೊರರೋಗಿಯಾಗಿ ತೋರಿಸಿಕೊಂಡು ಬಂದ ಖರ್ಚು, ತಿಂಗಳು ತಿಂಗಳು ನುಂಗುವ ಮಾತ್ರೆ ಇವೆಲ್ಲ ನಮ್ಮ ಜೇಬಿನದೇ. ಪ್ರತಿವರ್ಷ ಹೆಸರು ನವೀಕರಿಸಬೇಕು. ಗಡುವು ದಾಟಿದರೆ ಆ ವರ್ಷ ಹೋಯಿತು. ಸಂಘದ ಸದಸ್ಯತ್ವ ಕೆಲವು ತಿಂಗಳಾದರೂ ಹಳೆಯದಿರಬೇಕು. ಕಾಯಿಲೆ ಬಂದ ದಿನ ಷೇರು ಕೊಂಡರೆ ಆಗುವುದಿಲ್ಲ. ಬಾಯಾರಿದಾಗ ಬಾವಿ ತೋಡುವ ಕೆಲಸ ಇಲ್ಲಿ ನಡೆಯದು.

ಹಾಗಿದ್ದ ಮೇಲೆ ಎಲ್ಲರೂ ಬಿಪಿಎಲ್ ಚೀಟಿಗೇ ಏಕೆ ಜೋತುಬೀಳಬೇಕು ಎಂದು ಕೇಳಬಹುದು. ಅದು ಉಚಿತ, ಒಮ್ಮೆ ಬಂದರೆ ಉಳಿಯುತ್ತದೆಂಬ ನಂಬಿಕೆ, ಜೊತೆಗೆ ಅಕ್ಕಿ. ಆದರೆ ಒಂದು ಅಪ್ರಿಯ ಸತ್ಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಸದಸ್ಯರಲ್ಲೇ ಕಾರು ಇಟ್ಟು, ಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಕೊಟ್ಟು, ಬಿಪಿಎಲ್ ಚೀಟಿ ಹಿಡಿದವರಿದ್ದಾರೆ. ನನಗೆ ಗೊತ್ತಿರುವಂತೆ ಅವರಿಗೂ ಗೊತ್ತು. 2021ರ ಫೆಬ್ರವರಿಯಲ್ಲಿ ಅಂದಿನ ಆಹಾರ ಸಚಿವ ಉಮೇಶ ಕತ್ತಿಯವರು ಟಿ.ವಿ., ಫ್ರಿಜ್, ಬೈಕು, ಐದು ಎಕರೆಗಿಂತ ಹೆಚ್ಚು ಜಮೀನು ಇರುವವರು ಚೀಟಿ ಹಿಂದಿರುಗಿಸಬೇಕೆಂದಾಗ ನಾವೆಲ್ಲ ಸಿಟ್ಟಾದೆವು. ಆ ಮಾತು ಹಿಂದಕ್ಕೆ ಹೋಯಿತು. ಟಿ.ವಿ. ಇದ್ದವನು ಸಾಹುಕಾರನಲ್ಲ ಎಂಬುದು ಸರಿಯೇ. ಆದರೆ ನಮ್ಮ ಮರ ಹತ್ತಿ ಗೊನೆ ಇಳಿಸುವವನು, ಒಂದು ದಿನ ಕೈಜಾರಿ ಬಿದ್ದರೆ ಮನೆಯೇ ಬೀಳುವಂಥವನು, ಅವನ ಸಾಲಿನಲ್ಲಿ ಅವನಿಗಿಂತ ಮುಂದೆ ತೋಟದ ಯಜಮಾನ ನಿಂತಿರುವುದು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಅಂಥವರು ತಾವಾಗಿಯೇ ಚೀಟಿ ಬಿಟ್ಟುಕೊಟ್ಟು 500 ರೂಪಾಯಿ ಕಟ್ಟಿದರೆ, ನಿಜವಾಗಿ ಅಂಚಿನಲ್ಲಿರುವ ಬೆಳೆಗಾರನ ಪರವಾಗಿ ಸಂಘ ಮಾತಾಡುವಾಗ ಬಾಯಿಗೆ ಬಲ ಬರುತ್ತದೆ.

ಕಾಫಿ ಬೆಳೆಗಾರರಿಗೆ ಒಂದು ಮಾತು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದರೂ, ತಾನು ಬೆಳೆದ ಕಾಫಿಯನ್ನು ತಾನೇ ಸಂಸ್ಕರಿಸಿ ಮಾರಿದವನ ಆದಾಯದಲ್ಲಿ ಶೇಕಡಾ 25 ಭಾಗವನ್ನು ವ್ಯಾಪಾರದ ಆದಾಯವೆಂದು ಎಣಿಸುವ ನಿಯಮವಿದೆ. ಆದುದರಿಂದ ಕಾಫಿ ಕ್ಯೂರಿಂಗ್ ಮಾಡಿಸಿ ಮಾರುವ ಸದಸ್ಯರು ರಿಟರ್ನ್ ಹಾಕುವಾಗ, ತೆರಿಗೆ ಸೊನ್ನೆ ಬಂದರೆ ಅದನ್ನು ತೋರಿಸುವ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಅಡಿಕೆಯವರೂ ಅಷ್ಟೆ.

ಇನ್ನೊಂದು ಗೊಂದಲವಿದೆ. ಹಲವರು 'ಆಭಾ' ಎಂಬ 14 ಅಂಕಿಯ ಕಾರ್ಡನ್ನು ಮಾಡಿಸಿಕೊಂಡು, ತಮಗೆ 5 ಲಕ್ಷ ಬಂತೆಂದು ನಿಶ್ಚಿಂತರಾಗಿದ್ದಾರೆ. ಅದು ಆರೋಗ್ಯ ದಾಖಲೆಗಳನ್ನು ಜೋಡಿಸುವ ಸಂಖ್ಯೆಯೇ ಹೊರತು ಚಿಕಿತ್ಸೆಯ ಹಣ ಕೊಡುವ ಕಾರ್ಡಲ್ಲ. ಹಣದ ಮಾತು ನಿರ್ಧಾರವಾಗುವುದು ಆಧಾರ್ ಮತ್ತು ಪಡಿತರ ಚೀಟಿಯಿಂದ. ಪಡಿತರ ಚೀಟಿಯಲ್ಲಿ ಹೊಸ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಸೇರಿದೆಯೇ, ಇ-ಕೆವೈಸಿ ಆಗಿದೆಯೇ, ಚೀಟಿ ಈಗ ಯಾವ ಪಂಗಡದಲ್ಲಿದೆ ಎಂದು ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗಲೇ ನ್ಯಾಯಬೆಲೆ ಅಂಗಡಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ವಿಚಾರಿಸಿಕೊಳ್ಳಿ. ನಾವು ವಿಚಾರಿಸಿಕೊಳ್ಳಲಿಲ್ಲ.

ಸರ್ಕಾರದಿಂದ ನಾವು ಕೇಳಬೇಕಾದದ್ದು ಹೊಸ ದಾನವಲ್ಲ. ಆಸ್ಪತ್ರೆಯನ್ನು ಅಕ್ಕಿಯ ಚೀಟಿಯಿಂದ ಬಿಡಿಸಿ ಎಂಬುದು ಒಂದು ಮಾತು. ಅಕ್ಕಿಗೆ ಒಂದು ಗೆರೆ ಇರಲಿ. ಹಸಿವು ದಿನದಿನದ್ದು, ಅದನ್ನು ಆದಾಯದಿಂದ ಅಳೆಯಬಹುದು. ಕಾಯಿಲೆ ಹಾಗಲ್ಲ. ಒಂದೇ ರಾತ್ರಿಯಲ್ಲಿ ಗೆರೆಯ ಮೇಲಿನವನನ್ನು ಕೆಳಕ್ಕೆ ನೂಕುವುದೇ ಅದರ ಸ್ವಭಾವ. ಅಲ್ಲಿಯವರೆಗೆ, ಬೆಳೆಗಾರನ ಆದಾಯವನ್ನು ಎಣಿಸುವಾಗ ಮಾರಾಟದ ಮೊತ್ತದಲ್ಲಿ ಬೇಸಾಯದ ಖರ್ಚು ಕಳೆಯಲಿ, ಒಂದು ವರ್ಷದ ಧಾರಣೆ ನೋಡದೆ ಮೂರು ವರ್ಷದ ಸರಾಸರಿ ನೋಡಲಿ, ಬೋರು ಬತ್ತಿದ ತೋಟವನ್ನು ಕಂದಾಯ ಇಲಾಖೆಯವರು ಬಂದು ಕಣ್ಣಾರೆ ಕಂಡು ಖುಷ್ಕಿ ಎಂದು ಬರೆಯಲಿ, ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವನನ್ನು ತೆರಿಗೆದಾರ ಎನ್ನದಿರಲಿ. ಇವುಗಳಲ್ಲಿ ಯಾವುದಕ್ಕೂ ಬೊಕ್ಕಸದಿಂದ ಹೆಚ್ಚು ಹಣ ಬೇಕಾಗಿಲ್ಲ.

ಆದರೆ ಸರ್ಕಾರದ ದಾರಿ ಕಾಯುತ್ತ ಕೂರುವಷ್ಟು ವ್ಯವಧಾನ ಕಾಯಿಲೆಗೆ ಇಲ್ಲ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬಹುದು. ಅಡಿಕೆ ಹಾಕಿದ ಸದಸ್ಯನ ಹಣದಲ್ಲಿ, ಅವನ ಒಪ್ಪಿಗೆ ಪಡೆದು, ಯಶಸ್ವಿನಿಯ ವಂತಿಗೆಯನ್ನು ಸಂಘವೇ ಹಿಡಿದು ಗಡುವಿನೊಳಗೆ ಕಟ್ಟಬಹುದು. ಸಾಲದ ಕಂತನ್ನು ಹಿಡಿಯಲು ಬರುತ್ತದಲ್ಲ, ಇದೇಕೆ ಬಾರದು? ಆ ವರ್ಷ ಫಸಲೇ ಇಲ್ಲದ ಸದಸ್ಯನ 500 ರೂಪಾಯಿಯನ್ನು ಸಾಮಾನ್ಯ ಹಿತನಿಧಿಯಿಂದ ಮುಂಗಡ ಕೊಡಬಹುದು. ಸಂಘದ ಗುಮಾಸ್ತರೊಬ್ಬರು ವಾರದಲ್ಲಿ ಒಂದು ದಿನ, ಸಂತೆಯ ದಿನವಾದರೆ ಮೇಲು, ಇದೇ ಕೆಲಸಕ್ಕೆ ಕುಳಿತು ಚೀಟಿ ನೋಡಿ, ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ಮೊದಲು ಎಲ್ಲಿಗೆ ಹೋಗಬೇಕು ಎಂದು ಹೇಳಬಹುದು. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ಮೂರನ್ನೂ ಠರಾವಾಗಿ ಮಂಡಿಸಲು ನಾನು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಅನುಮೋದಿಸುವವರ ಸಹಿಗೆ ಕೆಳಗೆ ಜಾಗ ಬಿಟ್ಟಿದೆ. ನನ್ನ ತಮ್ಮ ಮೊದಲ ಸಹಿ ಹಾಕಿದ್ದಾನೆ.